ಹೆಡರ್ ಫೈಲನ್ನು ಕಾಪಿ ಮಾಡಬೇಡಿ, ಎಲ್ಲಿದೆ ಎಂದು ಸಿಸ್ಟಮ್ಮನ್ನೇ ಕೇಳಿ

ಮಾನ್ಯ ಸಂಪಾದಕರೇ,

ಹಾಸನ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು 17 ವರ್ಷದಿಂದ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ಲ್ಯಾಬಿಗೆ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿದಂದಿನಿಂದ ಮಕ್ಕಳಿಂದಲೂ ಸಹೋದ್ಯೋಗಿಗಳಿಂದಲೂ ಒಂದೇ ದೂರು ಕೇಳುತ್ತಿದ್ದೇನೆ: 'ಮೇಡಂ, ಲಿನಕ್ಸ್‌ನಲ್ಲಿ ಪ್ರೋಗ್ರಾಂ ಕಂಪೈಲೇ ಆಗಲ್ಲ.' ಅಂದರೆ ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ಕಂಪೈಲರ್ ಬದಲಾಯಿಸುವುದೇ ಇಲ್ಲ. ಹೋಗಿ ನೋಡಿದರೆ ಹೆಚ್ಚಿನ ಸಲ ಪರದೆಯ ಮೇಲಿರುವುದು ಒಂದೇ ಸಾಲು. ಯಾವುದೋ ಹೆಡರ್ ಫೈಲಿನ (ಬೇರೆಯವರು ಬರೆದಿಟ್ಟ ಕೋಡಿನಲ್ಲಿ ಏನೇನಿದೆ ಎಂದು ಕಂಪೈಲರಿಗೆ ಹೇಳುವ ಫೈಲಿನ) ಹೆಸರು, ಅದರ ಮುಂದೆ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ'. ಫೈಲು ಇಲ್ಲ ಎಂದು ಎಲ್ಲಿಂದಲೋ ತಂದು ತುರುಕುತ್ತಾರೆ. ಆ ತುರುಕುವಿಕೆಯಿಂದ ಏನಾಗುತ್ತದೆ ಎಂದು ಈ ವರ್ಷ ಕಣ್ಣಾರೆ ಕಂಡೆ. ಲ್ಯಾಬ್ ಪರೀಕ್ಷೆಗಳು ಹತ್ತಿರ ಬಂದಿರುವುದರಿಂದ ಬೇರೆ ಕಾಲೇಜುಗಳ ಲ್ಯಾಬಿನವರಿಗೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಆರನೇ ಸೆಮಿಸ್ಟರಿನ ಹುಡುಗಿಯೊಬ್ಬಳು ಒಂದು ಒಳ್ಳೆಯ ಮಿನಿ ಪ್ರಾಜೆಕ್ಟ್ ಆರಿಸಿಕೊಂಡಿದ್ದಳು. ಅವಳ ತಾಯಿ ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ಹೆಸರುಗಳ ಪಟ್ಟಿ ಕೊಟ್ಟರೆ ಒಂದೊಂದು ಹೆಸರನ್ನೂ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದ ಚಿತ್ರ ಮಾಡಿಕೊಡುವ ಸಿ ಪ್ರೋಗ್ರಾಂ ಅದು. ಅದಕ್ಕೆ ಮೂರು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳು, ಬೇಕು. ಫಾಂಟಿನಿಂದ ಅಕ್ಷರದ ಆಕಾರ ತೆಗೆದು ಬಿಡಿಸಲು ಫ್ರೀಟೈಪ್. 'ಲಕ್ಷ್ಮಿ'ಯ ಒತ್ತುಗಳನ್ನೂ 'ಮೂರ್ತಿ'ಯ ಅರ್ಕಾವೊತ್ತನ್ನೂ ಅದರದರ ಜಾಗದಲ್ಲಿ ಕೂರಿಸಲು ಹಾರ್ಫ್‌ಬಜ್. ಇದಿಲ್ಲದಿದ್ದರೆ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಚೆಲ್ಲಿಹೋಗುತ್ತದೆ. ಚಿತ್ರವನ್ನು ಫೈಲಾಗಿ ಉಳಿಸಲು ಲಿಬ್‌ಪಿಎನ್‌ಜಿ.

ಮೊದಲ ದಿನವೇ ಫ್ರೀಟೈಪಿನ ಹೆಡರನ್ನು ಹೆಸರಿಸಿ 'ಎಫ್‌ಟಿ2ಬಿಲ್ಡ್.ಎಚ್ ಇಲ್ಲ' ಎಂದು ಬಂತು. ಪ್ರೋಗ್ರಾಂ ಓಡಿಸುವವರಿಗೆ ಲೈಬ್ರರಿ ಸಾಕು, ಹೆಡರ್ ಬೇಕಾಗುವುದು ಬರೆಯುವವರಿಗೆ ಮಾತ್ರ. ಹಾಗಾಗಿ ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಹೆಡರುಗಳು 'ಡೆವ್' ಎಂದು ಕೊನೆಯಾಗುವ ಬೇರೆ ಪ್ಯಾಕೇಜಿನಲ್ಲಿರುತ್ತವೆ, ಫೆಡೋರಾದಲ್ಲಿ 'ಡೆವೆಲ್' ಎಂದಿರುತ್ತದೆ. ಲಿಬ್‌ಫ್ರೀಟೈಪ್-ಡೆವ್ ಹಾಕಿದೆವು. ಆದರೂ ಅದೇ ಸಾಲು! ಹುಡುಗಿ ಕಂಗಾಲಾದಳು. ಫೈಲು ಬಂದಿತ್ತು, ಆದರೆ /ಯುಎಸ್‌ಆರ್/ಇನ್‌ಕ್ಲೂಡ್ ಒಳಗೆ ಫ್ರೀಟೈಪ್2 ಎಂಬ ಇನ್ನೊಂದು ಫೋಲ್ಡರಿನಲ್ಲಿತ್ತು. ಒಂದು ಕಾಲದಲ್ಲಿ ಫ್ರೀಟೈಪ್ 1 ಮತ್ತು 2 ಒಂದೇ ಯಂತ್ರದಲ್ಲಿ ಜಗಳವಾಡದೆ ಇರಬೇಕೆಂದು ಮಾಡಿಕೊಂಡ ಏರ್ಪಾಡು ಅದು. ಕಂಪೈಲರ್ ತಾನಾಗಿ ಆ ಒಳಗಿನ ಫೋಲ್ಡರಿಗೆ ಇಣುಕುವುದಿಲ್ಲ. ಗೆಳತಿಯೊಬ್ಬಳು ಹೇಳಿದಂತೆ ಹುಡುಗಿ ಮೇಕ್‌ಫೈಲಿನಲ್ಲಿ (ಹೇಗೆ ಕಂಪೈಲ್ ಮಾಡಬೇಕೆಂಬ ಸೂಚನೆಗಳ ಫೈಲಿನಲ್ಲಿ) ಆ ದಾರಿಯನ್ನು ಕೈಯಲ್ಲೇ ಬರೆದುಕೊಂಡಳು, ಹಾರ್ಫ್‌ಬಜ್‌ಗೂ ಹಾಗೆಯೇ ಮಾಡಿದಳು. ಕಂಪೈಲ್ ಆಯಿತು.

ನಿಜವಾದ ಗೋಳು ಶುರುವಾದದ್ದು ಆಮೇಲೆ. ಅವಳ ಲ್ಯಾಪ್‌ಟಾಪಿನಲ್ಲಿ ಕಾರ್ಡುಗಳು ಚೆನ್ನಾಗಿ ಬರುತ್ತಿದ್ದವು, ಲ್ಯಾಬಿನ ಯಂತ್ರದಲ್ಲಿ ಪ್ರೋಗ್ರಾಂ 'ಸೆಗ್ಮೆಂಟೇಶನ್ ಫಾಲ್ಟ್' (ಮುಟ್ಟಬಾರದ ಮೆಮೊರಿ ಮುಟ್ಟಿದ ತಪ್ಪು) ಎಂದು ಬೀಳುತ್ತಿತ್ತು. ಎರಡು ದಿನ ಅವಳು ತನ್ನ ಕೋಡನ್ನೇ ತಿದ್ದಿದಳು. ಮೂರನೇ ದಿನ ಪಕ್ಕದಲ್ಲಿ ಕೂತು ನೋಡಿದೆ. ಬೀಳುವ ಮುನ್ನ ಲಿಬ್‌ಪಿಎನ್‌ಜಿ ಒಂದು ಸಾಲಿನ ಎಚ್ಚರಿಕೆ ಕೊಡುತ್ತಿತ್ತು: ಈ ಪ್ರೋಗ್ರಾಂ ಕಟ್ಟಿದ್ದು 1.2.54ರಿಂದ, ಈಗ ಓಡುತ್ತಿರುವುದು 1.6.37. ನಮ್ಮ ಉಬುಂಟು 22.04ರಲ್ಲಿ ಇರುವುದು 1.6.37. ಹಾಗಾದರೆ 1.2.54 ಎಲ್ಲಿಂದ ಬಂತು?

ನಮ್ಮ ಸಿ ಕಂಪೈಲರ್ ಆದ ಜಿಸಿಸಿಗೆ ದೊಡ್ಡ ಎಚ್ ಆಯ್ಕೆ ಕೊಟ್ಟರೆ ಯಾವ ಹೆಡರನ್ನು ಯಾವ ಫೋಲ್ಡರಿನಿಂದ ತೆಗೆದುಕೊಂಡಿತು ಎಂದು ಸಾಲುಸಾಲಾಗಿ ತೋರಿಸುತ್ತದೆ. ಕೊಟ್ಟೆವು. ಪಿಎನ್‌ಜಿ.ಎಚ್ ಬಂದದ್ದು /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್‌ನಿಂದ. ಆ ಫೈಲು ಯಾವ ಪ್ಯಾಕೇಜಿನದು ಎಂದು ಪ್ಯಾಕೇಜುಗಳ ಲೆಕ್ಕ ಇಡುವ ಡಿಪಿಕೆಜಿಯನ್ನು ಕೇಳಿದೆವು. ಯಾವುದರದ್ದೂ ಅಲ್ಲ ಎಂದಿತು. ನನಗೆ ಆಗ ನೆನಪಾಯಿತು. ವರ್ಷಗಳಿಂದ ಬ್ಯಾಚಿನಿಂದ ಬ್ಯಾಚಿಗೆ ಒಂದು ಪೆನ್‌ಡ್ರೈವ್ ಸುತ್ತುತ್ತಿದೆ, ಅದರಲ್ಲಿ 'ಹೆಡರ್ಸ್' ಎಂಬ ಝಿಪ್ ಫೈಲು. ಉಬುಂಟು 16.04ರ ಕಾಲದಲ್ಲಿ ಯಾರೋ ಪುಣ್ಯಾತ್ಮರು ಮಾಡಿಟ್ಟದ್ದು. ಹೊಸ ಸಿಸ್ಟಂ ಹಾಕಿದ ಮೇಲೂ ಅದನ್ನೇ ಬಿಚ್ಚಿ ಸುರಿದಿದ್ದರು.

ಉಬುಂಟುವಿನ ಜಿಸಿಸಿ ತನ್ನ ಸ್ವಂತ ಫೋಲ್ಡರಿನ ನಂತರ ಮೊದಲು ನೋಡುವುದೇ ಲೋಕಲ್ ಇನ್‌ಕ್ಲೂಡನ್ನು. ಆಮೇಲೆ ಯಂತ್ರದ ಜಾತಿಗೆ ಸೇರಿದ ಫೋಲ್ಡರು, ಕೊನೆಗೆ /ಯುಎಸ್‌ಆರ್/ಇನ್‌ಕ್ಲೂಡ್. ಪ್ಯಾಕೇಜು ತಂದಿಟ್ಟ ಸರಿಯಾದ ಫೈಲು ಕೊನೆಯಲ್ಲಿ ಕಾಯುತ್ತಿದ್ದರೆ, ಪೆನ್‌ಡ್ರೈವಿನ ಹಳೆಯ ಫೈಲು ಮುಂಬಾಗಿಲಲ್ಲೇ ಸಿಕ್ಕಿಬಿಡುತ್ತದೆ. ಕಂಪೈಲರ್ ಅದನ್ನು ನಂಬುತ್ತದೆ. ಲೈಬ್ರರಿ ಮಾತ್ರ ಹೊಸದು. ಆವೃತ್ತಿ ಹೊಂದುವುದಿಲ್ಲ ಎಂದು ಕಂಡು ಲಿಬ್‌ಪಿಎನ್‌ಜಿ ಖಾಲಿ ಪಾಯಿಂಟರ್ (ಮೆಮೊರಿಯ ಯಾವ ಜಾಗವನ್ನೂ ತೋರಿಸದ ವಿಳಾಸ) ವಾಪಸು ಕೊಟ್ಟಿತು. ಹುಡುಗಿಯ ಪ್ರೋಗ್ರಾಂ ಅದನ್ನು ಪರೀಕ್ಷಿಸದೆ ಮುಂದೆ ಹೋಗಿ ಬಿತ್ತು. ಲಿಬ್‌ಪಿಎನ್‌ಜಿ ಬರೆದವರು ಆವೃತ್ತಿ ಹೋಲಿಸುವ ಎಚ್ಚರ ವಹಿಸಿದ್ದರಿಂದ ನಮಗೆ ಸುಳಿವಾದರೂ ಸಿಕ್ಕಿತು. ಹಾಗೆ ಹೋಲಿಸದ ಲೈಬ್ರರಿಯಾಗಿದ್ದರೆ ಸ್ಟ್ರಕ್ಚರಿನ (ಮಾಹಿತಿಯನ್ನು ಒಟ್ಟಿಗೆ ಜೋಡಿಸಿಡುವ ಕಟ್ಟಿನ) ಅಳತೆ ಬದಲಾಗಿರುವುದು ಯಾರಿಗೂ ತಿಳಿಯದೆ ತಪ್ಪು ಉತ್ತರ ಬರುತ್ತಿತ್ತು. ಅಂಥ ತಪ್ಪಿಗೆ ವೈವಾದಲ್ಲಿ ಅಂಕ ಕಳೆದುಕೊಳ್ಳುವವರು ಮಕ್ಕಳು.

ಇದಕ್ಕೆ ಮದ್ದು ಎಂದೋ ಸಿದ್ಧವಾಗಿದೆ, ಅದರ ಹೆಸರು ಪಿಕೆಜಿ-ಕಾನ್ಫಿಗ್. ಡೆವ್ ಪ್ಯಾಕೇಜು ಬರುವಾಗ 'ಪಿಸಿ' ಎಂಬ ಬಾಲದ ಒಂದು ಸಣ್ಣ ಫೈಲನ್ನೂ ತರುತ್ತದೆ. ಹೆಡರ್ ಎಲ್ಲಿದೆ, ಯಾವ ಲೈಬ್ರರಿಗೆ ಲಿಂಕ್ ಮಾಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಫ್ರೀಟೈಪ್2ರ ಸಿಫ್ಲಾಗ್ಸ್ (ಕಂಪೈಲರಿಗೆ ಕೊಡಬೇಕಾದ ಆಯ್ಕೆಗಳು) ಕೊಡು ಎಂದು ಕೇಳಿದರೆ ನಮ್ಮ ಯಂತ್ರ ಎರಡು ದಾರಿ ಹೇಳಿತು, ಫ್ರೀಟೈಪ್2 ಮತ್ತು ಲಿಬ್‌ಪಿಎನ್‌ಜಿ16. ಫ್ರೀಟೈಪಿಗೆ ಲಿಬ್‌ಪಿಎನ್‌ಜಿ ಬೇಕೆಂಬುದು ಹುಡುಗಿಗೆ ಗೊತ್ತಿರಲಿಲ್ಲ, ಸಿಸ್ಟಮ್ಮಿಗೆ ಗೊತ್ತಿತ್ತು. ಹೀಗೆ ಕೊಟ್ಟ ದಾರಿಯನ್ನು ಕಂಪೈಲರ್ ಲೋಕಲ್ ಫೋಲ್ಡರಿಗಿಂತ ಮೊದಲು ನೋಡುತ್ತದೆ. ಮೇಕ್‌ಫೈಲಿನಲ್ಲಿ ಕೈಬರಹದ ದಾರಿಗಳನ್ನು ಅಳಿಸಿ ಆ ಒಂದು ಸಾಲು ಹಾಕಿದೆವು. ಲ್ಯಾಬಿನ ಯಂತ್ರದಲ್ಲಿ ಮೊದಲು ಬಂದ ಕಾರ್ಡು 'ಲಕ್ಷ್ಮಿ' ಎಂದಿತ್ತು, ಒತ್ತು ಎರಡೂ ಸರಿಯಾದ ಜಾಗದಲ್ಲಿ.

ದಾರಿಯನ್ನು ಕೈಯಲ್ಲಿ ಬರೆಯುವುದರ ತೊಂದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಲೈಬ್ರರಿ 'ಎಕ್ಸ್86_64-ಲಿನಕ್ಸ್-ಗ್ನು' ಫೋಲ್ಡರಿನಲ್ಲಿದೆ ಎಂದು ಬರೆದುಕೊಂಡ ಮೇಕ್‌ಫೈಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಸೋಲುತ್ತದೆ. 64 ಬಿಟ್ಟಿನ ಸಿಸ್ಟಂ ಹಾಕಿದ ಪೈಯಲ್ಲಿ ಆ ಫೋಲ್ಡರಿನ ಹೆಸರೇ 'ಎಆರ್ಚ್64-ಲಿನಕ್ಸ್-ಗ್ನು'. ಫ್ರೀಬಿಎಸ್‌ಡಿ ಎಂಬ ಬೇರೆ ಆಪರೇಟಿಂಗ್ ಸಿಸ್ಟಂನಲ್ಲಿ ಹೊರಗಿನಿಂದ ಹಾಕಿದ ಲೈಬ್ರರಿಗಳ ಹೆಡರು ಲೋಕಲ್ ಇನ್‌ಕ್ಲೂಡಿಗೇ ಹೋಗುತ್ತದೆ. ನಿಕ್ಸ್‌ಒಎಸ್ ಎಂಬ ಲಿನಕ್ಸ್‌ನಲ್ಲಂತೂ /ಯುಎಸ್‌ಆರ್/ಇನ್‌ಕ್ಲೂಡ್ ಎಂಬುದೇ ಇಲ್ಲ.

ಮಕ್ಕಳನ್ನು ನಾನು ದೂರುವುದಿಲ್ಲ. ಅನೇಕ ಲ್ಯಾಬುಗಳಲ್ಲಿ ಇಂಟರ್‌ನೆಟ್ ಕಟ್ಟಿಹಾಕಿರುತ್ತಾರೆ. ಪ್ಯಾಕೇಜು ಇಳಿಸಲು ದಾರಿ ಇಲ್ಲದಾಗ ಪೆನ್‌ಡ್ರೈವೇ ಗತಿ. ನಾವು ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಆಪ್ಟ್-ಕ್ಯಾಚರ್-ಎನ್‌ಜಿ ಹಾಕಿ ಅದೊಂದಕ್ಕೆ ಮಾತ್ರ ನೆಟ್ ಕೊಟ್ಟೆವು. ಒಂದು ಯಂತ್ರ ಕೇಳಿದ ಪ್ಯಾಕೇಜನ್ನು ಅದು ಇಳಿಸಿ ಇಟ್ಟುಕೊಳ್ಳುತ್ತದೆ, ಉಳಿದ ಯಂತ್ರಗಳಿಗೆ ಅಲ್ಲಿಂದಲೇ ಹಂಚುತ್ತದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿದ ಕೆಲಸ, ಖರ್ಚು ಏನೂ ಇಲ್ಲ.

ಲ್ಯಾಬ್ ಮ್ಯಾನುಯಲ್ ಬರೆಯುವ ಅಧ್ಯಾಪಕರಲ್ಲಿ ನನ್ನ ಕಳಕಳಿಯ ವಿನಂತಿ: ಪ್ರೋಗ್ರಾಮಿನಲ್ಲಿ ಹೊರಗಿನ ಹೆಡರ್ ಬಂದ ಕಡೆಯೆಲ್ಲ ಅದರ ಡೆವ್ ಪ್ಯಾಕೇಜಿನ ಹೆಸರನ್ನೂ ಪಿಕೆಜಿ-ಕಾನ್ಫಿಗ್ ಸೇರಿಸಿದ ಕಂಪೈಲ್ ಸಾಲನ್ನೂ ಅಲ್ಲೇ ಅಚ್ಚು ಹಾಕಿಸಿ. 'ಈ ಫೈಲನ್ನು ಇನ್‌ಕ್ಲೂಡ್ ಫೋಲ್ಡರಿಗೆ ಕಾಪಿ ಮಾಡಿ' ಎಂಬ ಸಾಲು ಹಳೆಯ ಮ್ಯಾನುಯಲ್ಲಿನಲ್ಲಿದ್ದರೆ ದಯವಿಟ್ಟು ತೆಗೆಸಿ. ಯಾವ ಪ್ಯಾಕೇಜು ಎಂದು ಗೊತ್ತಾಗದಿದ್ದರೆ ಆಪ್ಟ್-ಫೈಲ್ ಕಮಾಂಡಿಗೆ ಹೆಡರಿನ ಹೆಸರು ಕೊಟ್ಟು ಹುಡುಕಿದರೆ ಸಾಕು, ಹೇಳುತ್ತದೆ.

ನಮ್ಮ ಲ್ಯಾಬಿನ 40 ಯಂತ್ರಗಳಲ್ಲಿ 26ರ ಲೋಕಲ್ ಇನ್‌ಕ್ಲೂಡ್ ಫೋಲ್ಡರನ್ನು ತೆರೆದು, ವಾರಸುದಾರರಿಲ್ಲದ ಫೈಲುಗಳನ್ನು ತೆಗೆದು ಶುಚಿ ಮಾಡಿದ್ದೇನೆ. ಉಳಿದ 14ನ್ನು ಪರೀಕ್ಷೆಗೆ ಮುಂಚೆ ಮುಗಿಸುತ್ತೇನೆ. ಆ ಪೆನ್‌ಡ್ರೈವ್ ಈಗ ನನ್ನ ಮೇಜಿನ ಖಾನೆಯಲ್ಲಿದೆ.

— ಲ್ಯಾಬ್ ಇನ್‌ಸ್ಟ್ರಕ್ಟರ್, ಹಾಸನ ಜಿಲ್ಲೆ