ಉಚ್ಚೆಗೆ ಹೆದರಿ ನೀರು ಕುಡಿಯುವುದು ಬಿಡಬೇಡ

ಪ್ರೀತಿಯ ಮಂಜು,

ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಬುಕ್ ಮಾಡಿದ್ದು ಕೇಳಿ ಖುಷಿಯಾಯಿತು. ಆದರೆ ಫೋನ್ ಇಡುವ ಮುಂಚೆ ಒಂದು ಮಾತು ಅಂದೆಯಲ್ಲ, "ಬೋಟಲ್ಲಿ ಟಾಯ್ಲೆಟ್ ಇರಲ್ವಂತೆ, ಅದಕ್ಕೆ ಹಿಂದಿನ ರಾತ್ರಿಯಿಂದಲೇ ನೀರು ಕಮ್ಮಿ ಮಾಡ್ತೀನಿ" ಅಂತ. ಮಾರಾಯ, ಅದೊಂದು ಮಾಡಬೇಡ.

ನಿನ್ನ ಲೆಕ್ಕ ನೋಡು. ಬೆಂಗಳೂರಿಂದ ರಾತ್ರಿ ಎಸಿ ಸ್ಲೀಪರ್ ಬಸ್ಸು. ಡ್ರೈವರ್ ಎಲ್ಲಿ ನಿಲ್ಲಿಸುತ್ತಾನೋ ಏನೋ ಅಂತ ಊಟದ ಜೊತೆ ಎರಡೇ ಗುಟುಕು ನೀರು. ಬೆಳಗ್ಗೆ ಮುರುಡೇಶ್ವರದಲ್ಲಿ ಇಳಿದು ಒಂದು ಚಹಾ. ಆಮೇಲೆ ಬೋಟು. ದ್ವೀಪ ಸುಮಾರು 19 ಕಿ.ಮೀ. ದೂರ, ಒಂದು-ಒಂದೂವರೆ ಗಂಟೆ ಬೇಕು. ನೆತ್ತಿಯ ಮೇಲೆ ಬಿಸಿಲು, ಮೈಗೆ ಅಂಟಿದ ಕಪ್ಪು ವೆಟ್‌ಸೂಟು, ಅಂದರೆ ಡೈವಿಂಗಿನ ರಬ್ಬರ್ ಉಡುಪು. ಅದರೊಳಗೆ ಬೆವರು ಇಳಿಯುವುದು ಗೊತ್ತೇ ಆಗುವುದಿಲ್ಲ. ಅಲೆ ಜೋರಿದ್ದರೆ ವಾಂತಿ ಬೇರೆ. ಸಮುದ್ರಕ್ಕೆ ಧುಮುಕುವ ಮುಂಚೆಯೇ ಅರ್ಧ ಒಣಗಿರುತ್ತೀಯ.

ಒಳಗೆ ಹೋದ ಮೇಲೆ ಸಿಲಿಂಡರಿನ ಗಾಳಿ. ತುಂಬುವಾಗಲೇ ಅದರ ತೇವ ತೆಗೆದಿರುತ್ತಾರೆ, ಇಲ್ಲದಿದ್ದರೆ ಸಿಲಿಂಡರ್ ಒಳಗಿನಿಂದ ಹಾಳಾಗುತ್ತದೆ. ಆ ಒಣಗಾಳಿಗೆ ಬೇಕಾದ ತೇವವನ್ನು ಪ್ರತಿ ಉಸಿರಿಗೂ ನಿನ್ನ ಗಂಟಲು, ಶ್ವಾಸಕೋಶಗಳೇ ಕೊಡಬೇಕು. ಸ್ವಲ್ಪ ಹೊತ್ತಿಗೇ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಸುತ್ತಲೂ ಸಮುದ್ರ, ಬಾಯಿ ಮಾತ್ರ ಒಣ ಹುರಿಹಿಟ್ಟು ಮುಕ್ಕಿದ ಹಾಗೆ.

ಮಜಾ ಏನು ಗೊತ್ತಾ? ನೀನು ನೀರು ಕುಡಿಯದಿದ್ದರೂ ಉಚ್ಚೆ ಬಂದೇ ಬರುತ್ತದೆ. ನೆಲದ ಮೇಲೆ ನಿಂತಾಗ ಒಂದಿಷ್ಟು ರಕ್ತ ಕಾಲಲ್ಲೇ ಇರುತ್ತದೆ. ನೀರಿಗೆ ಇಳಿದರೆ ಸುತ್ತಲಿನ ಒತ್ತಡಕ್ಕೆ ಅದೆಲ್ಲ ಎದೆಗೆ ಬರುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ಹೃದಯ ಮೋಸ ಹೋಗುತ್ತದೆ. ಹೊರಗೆ ಹಾಕು ಅಂತ ಮೂತ್ರಪಿಂಡಕ್ಕೆ ಸುದ್ದಿ ಹೋಗುತ್ತದೆ. ಇರುವ ಸ್ವಲ್ಪ ನೀರೂ ಹೀಗೆ ಖರ್ಚು. ನಿನ್ನ ಉಪವಾಸದಿಂದ ಏನೂ ಉಳಿಯುವುದಿಲ್ಲ.

ಹಾಗಾದರೆ ಎಲ್ಲಿ ಹೋಗುವುದು ಅಂತೀಯ. ವೆಟ್‌ಸೂಟಿನಲ್ಲೇ! ನಗಬೇಡ, ಡೈವರ್‌ಗಳಲ್ಲಿ ಇದು ಮಾಮೂಲು, ಹೇಳಿಕೊಳ್ಳುವವರು ಕಮ್ಮಿ ಅಷ್ಟೇ. ಮೇಲೆ ಬಂದಾಗ, ಇನ್ನೂ ನೀರಲ್ಲಿರುವಾಗಲೇ, ಕತ್ತಿನ ಹತ್ತಿರ ಸೂಟು ಎಳೆದು ಸಮುದ್ರದ ನೀರು ಒಳಗೆ ಬಿಟ್ಟುಕೋ. ದಡಕ್ಕೆ ಬಂದ ಮೇಲೆ ಸಿಹಿನೀರಲ್ಲಿ ಚೆನ್ನಾಗಿ ಜಾಲಿಸು. ಬಾಡಿಗೆ ಸೂಟು ಅದು, ನಾಳೆ ಇನ್ಯಾರೋ ಹಾಕಿಕೊಳ್ಳುತ್ತಾರೆ.

ನೀರು ಕಮ್ಮಿಯಾದರೆ ತಲೆನೋವು, ಸುಸ್ತು. ನೀರೊಳಗೆ ಮೀನಖಂಡ ಹಿಡಿದುಕೊಂಡರಂತೂ ತಮಾಷೆಯಲ್ಲ. ಇನ್ನು ಎಲ್ಲರೂ ಹೆದರಿಸುವ ಡಿಕಂಪ್ರೆಷನ್ ಸಿಕ್‌ನೆಸ್. ಒತ್ತಡದಲ್ಲಿ ಮೈಗೆ ಸೇರಿದ ನೈಟ್ರೋಜನ್, ಮೇಲೆ ಬರುವಾಗ ಗುಳ್ಳೆಯಾಗಿ ತೊಂದರೆ ಕೊಡುವುದು. ಮೈ ಒಣಗಿದ್ದರೆ ಅದರ ಅಪಾಯ ಹೆಚ್ಚು ಅನ್ನುತ್ತಾರೆ. ಹಾಗಂತ ನೀರು ಕುಡಿದವನಿಗೆ ಅದು ಬರುವುದೇ ಇಲ್ಲ ಅಂತಲ್ಲ. ಎಷ್ಟು ಆಳಕ್ಕೆ ಹೋದೆ, ಎಷ್ಟು ಹೊತ್ತಿದ್ದೆ, ಎಷ್ಟು ನಿಧಾನಕ್ಕೆ ಮೇಲೆ ಬಂದೆ, ಇವೇ ಮುಖ್ಯ. ಮೊದಲ ಸಲದವರನ್ನು ತೀರಾ ಆಳಕ್ಕೆ ಒಯ್ಯುವುದಿಲ್ಲ, ಗಾಬರಿ ಬೇಡ.

ಹಿಂದಿನ ದಿನದಿಂದಲೇ ಆಗಾಗ ಸ್ವಲ್ಪ ಸ್ವಲ್ಪ ಕುಡಿ. ಬೋಟು ಹತ್ತುವ ಮುಂಚೆ ಒಂದೇ ಸಲ ಒಂದು ಲೀಟರ್ ಗಟಗಟ ಇಳಿಸಿದರೆ ಅದೂ ವಾಂತಿಯಲ್ಲೇ ಹೋಗುತ್ತದೆ. ಎಳನೀರು, ಉಪ್ಪು ಹಾಕಿದ ನೀರು ಮಜ್ಜಿಗೆ ಒಳ್ಳೆಯದು. ವಾಂತಿಯಾದರೆ ಓಆರ್‌ಎಸ್ ಇರಲಿ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸು, ಗಟ್ಟಿ ಮಾಡಿದರೆ ಜಾಸ್ತಿ ಗುಣವೇನಿಲ್ಲ. ಕಾಫಿಗೆ ನನ್ನ ತಕರಾರಿಲ್ಲ. ದಿನಾ ಕುಡಿಯುವವನಿಗೆ ಒಂದೆರಡು ಲೋಟದಿಂದ ಏನೂ ಆಗುವುದಿಲ್ಲ. ಬಿಯರ್ ಮಾತ್ರ ಬೇಡ. ಬೆಳಗ್ಗೆ ಉಚ್ಚೆಯ ಬಣ್ಣ ನೋಡು, ಗಾಢ ಹಳದಿಯಿದ್ದರೆ ಇನ್ನೂ ಕುಡಿಯಬೇಕು ಅಂತ ಅರ್ಥ. ಡೈವ್ ಮುಗಿದ ಮೇಲೆ ಆ ಬಣ್ಣ ನಂಬಬೇಡ. ಹೃದಯದ ಆ ಎಡವಟ್ಟಿನಿಂದಾಗಿ, ಒಣಗಿದವನಿಗೂ ತಿಳಿಯಾಗೇ ಹೋಗುತ್ತದೆ.

ಇನ್ನೊಂದು, ನೀರಿಗೆ ಸಂಬಂಧ ಇಲ್ಲದ್ದು. ಎತ್ತರಕ್ಕೆ ಹೋದರೂ ಆ ನೈಟ್ರೋಜನ್ ಗುಳ್ಳೆಯ ಭಯ ಇರುವುದರಿಂದ, ಡೈವ್ ಆದಮೇಲೆ ವಿಮಾನ ಹತ್ತಲು ಕಡಿಮೆಯೆಂದರೆ 12 ಗಂಟೆ ಬಿಡಬೇಕು, ಒಂದಕ್ಕಿಂತ ಹೆಚ್ಚು ಡೈವ್ ಮಾಡಿದರೆ 18 ಗಂಟೆ. ಆ ಲೆಕ್ಕ ಸುಮಾರು 600 ಮೀಟರ್ ಎತ್ತರದಿಂದಲೇ ಶುರು. ಬೆಂಗಳೂರು ಇರುವುದು 900ರ ಆಸುಪಾಸಿನಲ್ಲಿ, ಘಟ್ಟ ಹತ್ತುವುದೂ ಎತ್ತರಕ್ಕೆ ಹೋದ ಹಾಗೇ ಅಲ್ವಾ? ಅದೇ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದರೆ ಮರುದಿನಕ್ಕೆ ಬದಲಾಯಿಸು. ರಾತ್ರಿ ನಮ್ಮಲ್ಲೇ ಉಳಿ, ಭಟ್ಕಳ ಅಲ್ಲಿಂದ ಹತ್ತಿರ. ಮೀನು ಯಾವುದು ತರಲಿ ಅಂತ ಮೊದಲೇ ಹೇಳು.

ನಿನ್ನ,
ರಾಘು