ಒಲೆಗೆ ರಟ್ಟು ತುರುಕಬೇಡ ಪುಟ್ಟಾ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಮೆರಿಕದ ವರ್ಮಾಂಟಿನ ಹೊಸ ಮನೆಯಲ್ಲಿ ಸೌದೆ ಒಲೆ ಹಚ್ಚಿದ ವಿಡಿಯೊ ನೋಡಿದೆ. ಒಲೆ ಚೆನ್ನಾಗಿದೆ. ಆದರೆ ಪಾರ್ಸೆಲ್ ಬಂದ ರಟ್ಟಿನ ಡಬ್ಬಗಳನ್ನು ಒಂದೊಂದಾಗಿ ಒಳಗೆ ತುರುಕುತ್ತಿದ್ದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ "ಹೂಂ ದೊಡ್ಡಪ್ಪ" ಅಂದು ಮರೆತುಬಿಡುತ್ತೀಯ.

ಊರಿನ ಬಚ್ಚಲೊಲೆಗೆ ಅಡಿಕೆ ಹಾಳೆ, ಕಾಯಿ ಸಿಪ್ಪೆ, ರಟ್ಟು, ಏನು ಹಾಕಿದರೂ ನಡೆಯುತ್ತಿತ್ತು. ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತಿತ್ತು. (ಅದೇನು ಒಳ್ಳೆಯದಲ್ಲ, ಅಜ್ಜಿಯ ಕೆಮ್ಮು ನೆನಪಿದೆಯಲ್ಲ.) ನಿನ್ನ ಒಲೆಯ ಹೊಗೆಗೆ ಇರುವುದು ಒಂದೇ ಕೊಳವೆ, ಹೊರಗೆ ಹಿಮ. ಸೌದೆ ಹಸಿಯಿದ್ದರೆ, ಇಲ್ಲವೇ ಗಾಳಿ ಕಿಂಡಿ ಮುಚ್ಚಿ ರಾತ್ರಿಯಿಡೀ ಮಂದವಾಗಿ ಉರಿಸಿದರೆ, ಹೊಗೆ ಕೊಳವೆಯಲ್ಲೇ ತಣಿದು ಒಳಮೈಗೆ ಮೆತ್ತಿಕೊಳ್ಳುತ್ತದೆ. ನಮ್ಮ ಅಡುಗೆಮನೆಯ ಇಲ್ಲಣದ ಅಣ್ಣ ಅದು, ಕ್ರಿಯೋಸೋಟ್ ಅನ್ನುತ್ತಾರೆ. ನಾನು ಮಿನೆಸೋಟದಲ್ಲಿದ್ದಾಗ ಚಿಮಣಿ, ಅಂದರೆ ಈ ಹೊಗೆ ಕೊಳವೆ, ಗುಡಿಸಲು ಬಂದವನು ಒಂದು ಚಕ್ಕೆಯನ್ನು ನನ್ನ ಅಂಗೈಗೆ ಹಾಕಿದ್ದ. ಕಪ್ಪು, ಹಗುರ, ಮುರಿದ ಕಡೆ ಮಿರಿಮಿರಿ ಹೊಳಪು. ಕಡ್ಡಿ ಗೀರಿ ತಾಗಿಸಿದ, ಹೊತ್ತಿಕೊಂಡಿತು!

ಹೀಗೆ ಕೊಳವೆಯೊಳಗೆ ಕಟ್ಟಿಕೊಂಡದ್ದಕ್ಕೆ ಬೆಂಕಿ ಮುಟ್ಟಿಸುವುದು ರಟ್ಟು. ಅದು ಒಮ್ಮೆಗೇ ಭುಗ್ಗೆಂದು ಉರಿದು ಜ್ವಾಲೆ ಕೊಳವೆಯೊಳಕ್ಕೇ ಏರುತ್ತದೆ, ಅರೆಬೆಂದ ಚೂರುಗಳು ಕಿಡಿಯ ಸಮೇತ ಮೇಲೆ ಹಾರುತ್ತವೆ. ಒಳಗೆ ಹತ್ತಿಕೊಂಡರೆ ಶಾಖ 1000 ಡಿಗ್ರಿ ಸೆಲ್ಸಿಯಸ್ ದಾಟಬಹುದು, ರೈಲು ಹೋದ ಹಾಗೆ ಸದ್ದು ಬರುತ್ತದೆ. ಕೊಳವೆ ಬಿರುಕು ಬಿಟ್ಟರೆ ಪಕ್ಕದಲ್ಲಿರುವುದು ಮರದ ಗೋಡೆ. ಡಬ್ಬದ ಟೇಪು, ಬಣ್ಣದ ಶಾಯಿ ಉರಿದ ಹೊಗೆಯೂ ಕೆಟ್ಟದ್ದೇ. ಒಲೆಗೆ ಹಾಕಬಾರದು ಅಂತ ಅಲ್ಲಿನ ಪರಿಸರ ಸಂಸ್ಥೆ ಇಪಿಎ ಹೇಳುವ ವಸ್ತುಗಳಲ್ಲಿ ರಟ್ಟೂ ಇದೆ.

ಹಚ್ಚಲು ಒಣ ಚಕ್ಕೆ, ಎರಡು ಹಾಳೆ ಕಪ್ಪು-ಬಿಳುಪು ಪೇಪರ್ ಸಾಕು. ಸೌದೆ ಮಾರುವವನು ಒಣಗಿದೆ ಅಂದ ಮಾತ್ರಕ್ಕೆ ನಂಬಬೇಡ. ತೇವ ನೋಡುವ ಮೀಟರ್ ತಂದು, ಒಂದು ತುಂಡನ್ನು ಸೀಳಿ, ಆಗಷ್ಟೇ ಸೀಳಿದ ಒಳಮೈಗೆ ಚುಚ್ಚು. ತುದಿಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ತೇವ 20 ಶೇಕಡಕ್ಕಿಂತ ಕಡಿಮೆ ಇರಬೇಕು. ಓಕ್ ಆದರೆ ಒಣಗಲು ಎರಡು ವರ್ಷವೂ ಬೇಕಾಗುತ್ತದೆ.

ಚಿಮಣಿಯನ್ನು ವರ್ಷಕ್ಕೊಮ್ಮೆ ಗುಡಿಸುವವನಿಗೆ ತೋರಿಸಲೇಬೇಕು. ಒಳಗಿನ ಪದರ 3 ಮಿಲಿಮೀಟರ್ ಆಗಿದ್ದರೆ ಗುಡಿಸದೆ ಬೆಂಕಿ ಹಚ್ಚಬೇಡ. ಹಿಂದಿನ ಮನೆಯವರು ಯಾವಾಗ ಗುಡಿಸಿಸಿದ್ದರೋ, ಯಾರಿಗೆ ಗೊತ್ತು? ಅವನು ಬಂದು ನೋಡುವವರೆಗೆ ಹೀಟರಿನಲ್ಲೇ ಸುಧಾರಿಸಿಕೋ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಮನೆಯೊಳಗೆ ಸೇರಿದರೆ ಕೂಗುವ ಅಲಾರಂ ಮಲಗುವ ಕೋಣೆಯ ಹತ್ತಿರ ಇರಲಿ. ಬೂದಿಯಲ್ಲಿ ಕೆಂಡ ದಿನಗಟ್ಟಲೆ ಬದುಕಿರುತ್ತದೆ, ಮುಚ್ಚಳದ ತಗಡಿನ ಬಕೆಟ್‌ಗೆ ತುಂಬಿ ಮನೆಯಿಂದ ದೂರ ನೆಲದ ಮೇಲಿಡು, ಮರದ ಡೆಕ್ ಮೇಲೆ ಬೇಡ.

ಎಂದಾದರೂ ಕೊಳವೆಯಲ್ಲಿ ಆ ರೈಲಿನಂಥ ಸದ್ದು ಕೇಳಿಸಿದರೆ ಒಲೆಯ ಬಾಗಿಲು, ಕಿಂಡಿ ಮುಚ್ಚಿ, ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ 911ಕ್ಕೆ ಫೋನ್ ಮಾಡು. ನೀರು ಸುರಿಯಲು ನಿಲ್ಲಬೇಡ. ಈ ಮಾತು ನಿನ್ನ ಹೆಂಡತಿಗೂ ಹೇಳಿರು, ಹಗಲು ಮನೆಯಲ್ಲಿರುವವಳು ಅವಳೇ.

ಚಿಮಣಿಯವನು ಯಾವತ್ತು ಬರುತ್ತಾನೆ ಅಂತ ತಿಳಿಸು.

ನಿನ್ನ ದೊಡ್ಡಪ್ಪ