ಮನೆ ಹಿಂದೆ ಸರಿಯಲಿ, ದೊಡ್ಡದಾಗುವುದು ಬೇಡ

ಮಾನ್ಯ ಸಂಪಾದಕರೇ,

ಕಡಲಂಚಿನ ಸಂರಕ್ಷಿತ ಜಾಗದಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುವುದಕ್ಕೆ ಇರುವ ಕಟ್ಟುಪಾಡುಗಳನ್ನೆಲ್ಲ ತೆಗೆದುಹಾಕಿ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ‘ಜಾಗ ನಮ್ಮದು, ದುಡ್ಡು ನಮ್ಮದು, ಮನೆಯೂ ಮೊದಲೇ ಇತ್ತಲ್ಲ’ ಎನ್ನುವುದು ಅವರ ವಾದ. ಅವರ ಸಿಟ್ಟು ಅರ್ಥವಾಗುತ್ತದೆ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು, ತಾರಸಿ ಚಕ್ಕೆ ಚಕ್ಕೆಯಾಗಿ ಉದುರುವ ಮನೆಯಲ್ಲಿ ಇರುವವರಿಗೆ ನಿಯಮದ ಪಾಠ ಹೇಳಿದರೆ ಸಿಟ್ಟು ಬರದೆ ಇರುತ್ತದೆಯೇ? ಆದರೆ ಮೂವತ್ತು ವರ್ಷ ಮನೆಗಳ ನಕ್ಷೆ ಬರೆದ ನನಗೆ ತೊಂದರೆ ಬೇರೆಲ್ಲೋ ಇದೆ ಅನ್ನಿಸುತ್ತದೆ.

ಮೊದಲು ಗಾತ್ರದ ಮಾತು. ನಮ್ಮ 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಹಳ್ಳಿಗಾಡಿನ ತೀರದಲ್ಲಿ, ಜನಸಾಂದ್ರತೆ ನೋಡಿಕೊಂಡು, 50 ಅಥವಾ 200 ಮೀಟರ್ ಅಗಲದ ಪಟ್ಟಿಯಲ್ಲಿ ಹೊಸ ಕಟ್ಟಡಗಳಿಗೆ ತಡೆ ಹಾಕುತ್ತದೆ. ಅಲ್ಲಿ ಅನುಮತಿ ಪಡೆದು ಕಟ್ಟಿದ ಹಳೆ ಮನೆಯನ್ನು ರಿಪೇರಿ ಮಾಡಬಹುದು, ಮತ್ತೆ ಕಟ್ಟಲೂಬಹುದು. ಹಳೆಯ ಪಾಯದ ವಿಸ್ತೀರ್ಣ, ಎಫ್‌ಎಸ್‌ಐ (ಜಾಗದ ಅಳತೆಗೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣದ ಅನುಪಾತ) ಮೀರಬಾರದು ಅಷ್ಟೆ. ಇದು ಅತಿಯಾಯಿತು ಎಂದು ನನಗೆ ಅನ್ನಿಸುವುದಿಲ್ಲ. ದೊಡ್ಡ ಮನೆ ಒಂಟಿಯಾಗಿ ಬರುವುದಿಲ್ಲ. ಜೊತೆಗೆ ಕಾಂಪೌಂಡು, ದೊಡ್ಡ ಶೌಚಗುಂಡಿ, ಇನ್ನೊಂದು ಬೋರ್‌ವೆಲ್ ಕೂಡ ಬರುತ್ತವೆ. ಕಡಲ ಪಕ್ಕ ನೆಲದ ಸಿಹಿನೀರನ್ನು ಎತ್ತಿದಷ್ಟೂ ಉಪ್ಪುನೀರು ಒಳಗೆ ಬರುತ್ತದೆ. ಆಗ ನೆರೆಮನೆಯ ಬಾವಿಯೂ ಕೆಡುತ್ತದೆ. ಇನ್ನು ರಾತ್ರಿಯ ದೀಪಗಳು. ಮೊಟ್ಟೆಯೊಡೆದು ಬಂದ ಕಡಲಾಮೆಯ ಮರಿಗಳು ಬೆಳಕು ಕಂಡ ಕಡೆ ಹೋಗುತ್ತವೆ. ಕತ್ತಲ ತೀರದಲ್ಲಿ ಬೆಳಕು ಕಾಣುವುದು ಕಡಲ ಮೇಲೆ. ದೀಪ ಹಚ್ಚಿದ ತೀರದಲ್ಲಿ ಅವು ಸೀದಾ ಮನೆಯ ಕಡೆ ಬಂದು ಸಾಯುತ್ತವೆ.

ಈ ನಿಯಮಕ್ಕೆ ಚಳ್ಳೆಹಣ್ಣು ತಿನ್ನಿಸುವವರೂ ಇದ್ದಾರೆ ಬಿಡಿ. ಒಂದು ಗೋಡೆ ಉಳಿಸಿಕೊಂಡು ಉಳಿದದ್ದೆಲ್ಲ ಕೆಡವಿ ‘ರಿಪೇರಿ’ ಅನ್ನುವುದು ಒಂದು ದಾರಿ. ಮೊದಲು ಸ್ವಲ್ಪ ಸ್ವಲ್ಪವೇ ಮನೆ ಬೆಳೆಸಿ, ಆಮೇಲೆ ಬೆಳೆದ ಮನೆಯ ಅಳತೆಗೇ ಹೊಸದನ್ನು ಕೇಳುವುದು ಇನ್ನೊಂದು. ಅಂಥ ನಕ್ಷೆ ಹಿಡಿದು ನನ್ನ ಮೇಜಿಗೂ ಬಂದವರಿದ್ದರು. ಇಂಗ್ಲೆಂಡಿನ ಹಸಿರು ಪಟ್ಟಿಯ, ಅಂದರೆ ಊರು ಹರಡದಂತೆ ಸುತ್ತ ಬಯಲಾಗಿ ಉಳಿಸಿದ ಜಾಗದ, ನಿಯಮದಲ್ಲಿ ಇದಕ್ಕೆ ಒಳ್ಳೆ ಮದ್ದಿದೆ. ಅಲ್ಲಿ ಮನೆ ವಿಸ್ತರಿಸುವಾಗ ಅಳತೆ ಶುರುವಾಗುವುದು 1948ರ ಜುಲೈ 1ರಂದು ಕಟ್ಟಡ ಹೇಗಿತ್ತೋ ಅಲ್ಲಿಂದ. ಆಮೇಲೆ ಕಟ್ಟಿದ ಮನೆಯಾದರೆ ಮೊದಲು ಕಟ್ಟಿದಾಗ ಹೇಗಿತ್ತೋ ಅಲ್ಲಿಂದ.

ನನ್ನ ತಕರಾರು ಇರುವುದು ಜಾಗದ ವಿಚಾರದಲ್ಲಿ. ಇದ್ದಲ್ಲೇ ಕಟ್ಟಿದರೆ ಅದು ಮರುನಿರ್ಮಾಣ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಹೊಸ ಕಟ್ಟಡ ಎನ್ನುವ ಲೆಕ್ಕ ನಮ್ಮಲ್ಲಿ ಮಾತ್ರ ಅಲ್ಲ, ಬೇರೆ ಕಡೆಯೂ ಇದೆ. ತೀರ ಕದಲದೆ ನಿಂತಿದ್ದರೆ ಇದು ಸರಿ ಇರುತ್ತಿತ್ತು. ಆದರೆ ತೀರ ನಿಲ್ಲುವುದಿಲ್ಲ. ಅಬ್ಬರದ ಅಲೆಗಳು ದಂಡೆಯ ಮರಳನ್ನು ಒಳಗೆಳೆದುಕೊಳ್ಳುತ್ತವೆ, ಕಡಲು ಶಾಂತವಾದಾಗ ಸ್ವಲ್ಪ ಸ್ವಲ್ಪವೇ ವಾಪಸು ತಂದು ಹಾಕುತ್ತವೆ. ಹಿಂದಿರುವ ಮರಳುದಿಬ್ಬ ಈ ಕೊಡುಕೊಳ್ಳುವಿಕೆಯ ಉಳಿತಾಯ ಖಾತೆ ಇದ್ದ ಹಾಗೆ. ಅದರ ಮೇಲೆಯೇ ಮತ್ತೆ ಮನೆ ಕಟ್ಟಿಸಿದರೆ ನಾಳೆ ಅದನ್ನು ಉಳಿಸಲು ಕಲ್ಲಿನ ಗೋಡೆ ಬೇಕಾಗುತ್ತದೆ. ಗೋಡೆಗೆ ಬಡಿದ ಅಲೆ ವಾಪಸು ಬರುವಾಗ ಬುಡದ ಮರಳನ್ನೇ ಕೆರೆದು ಒಯ್ಯುತ್ತದೆ. ಗೋಡೆ ಮುಗಿಯುವಲ್ಲಿ ಕೊರೆತ ಇನ್ನೂ ಜಾಸ್ತಿ. ಅಂದರೆ ಪಕ್ಕದವರೂ ಗೋಡೆ ಕೇಳುತ್ತಾರೆ. ಮುಂದೆ ಏನಾಗುತ್ತದೆ ಎಂದು ಊಹಿಸಬಹುದು, ಅಲ್ವಾ?

ಇಂಗ್ಲೆಂಡಿನ ನಾರ್ಫೋಕ್ ತೀರದಲ್ಲಿ ಒಂದು ಹಳ್ಳಿ ಇದೆ. ಬರೆಯುವುದು ಹ್ಯಾಪಿಸ್‌ಬರ್ಗ್, ಕರೆಯುವುದು ಹೇಜ್‌ಬರೊ! ಅಲ್ಲಿ ಮಣ್ಣಿನ ಕಡಿದಾದ ದಂಡೆ ಕುಸಿಯುತ್ತಾ ಬಂದು ಮನೆಗಳು ಅಂಚಿಗೆ ನಿಂತಿದ್ದವು. ಸ್ಥಳೀಯ ಆಡಳಿತ ಅಂಥ ಕೆಲವು ಮನೆಗಳನ್ನು ಕೊಂಡು ಕೆಡವಿತು. ಅವುಗಳ ಬದಲಿಗೆ ಒಳಭಾಗದಲ್ಲಿ ಮನೆ ಕಟ್ಟಲು ಅವಕಾಶ ಮಾಡಿತು. ಗೋಡೆ ಕಟ್ಟಿ ಕಡಲ ಜೊತೆ ಜಗಳಕ್ಕೆ ನಿಲ್ಲುವುದಕ್ಕಿಂತ ಇದು ಸುಲಭದ ದಾರಿ ಎಂದೇ ನನ್ನ ಲೆಕ್ಕ.

ಅದಕ್ಕೇ ಹೇಳುತ್ತಿದ್ದೇನೆ, ಗಾತ್ರದ ಮಿತಿ ಹಾಗೇ ಇರಲಿ. ಅದೇ ಅಳತೆಯ ಮನೆಯನ್ನು ಕಡಲಿನಿಂದ ದೂರಕ್ಕೆ ಸರಿಸಿ ಕಟ್ಟುತ್ತೇನೆ ಎನ್ನುವವರ ಅರ್ಜಿಯನ್ನು ಹೊಸ ಕಟ್ಟಡದ ಸಾಲಿಗೆ ಸೇರಿಸಬೇಡಿ. ಷರತ್ತು ಮಾತ್ರ ಬಿಗಿಯಾಗಿರಲಿ. ಹಳೆಯದನ್ನು ಪಾಯದ ಕಲ್ಲಿನ ಸಮೇತ ತೆಗೆಯಬೇಕು, ಆ ಜಾಗದಲ್ಲಿ ಮುಂದೆ ಯಾರೂ ಕಟ್ಟಬಾರದು ಎಂದು ನೋಂದಣಿ ಪತ್ರದಲ್ಲೇ ಬರೆಸಬೇಕು. ಇಲ್ಲದಿದ್ದರೆ ಒಂದು ಮನೆ ಇದ್ದಲ್ಲಿ ಎರಡಾಗುತ್ತವೆ.

ಇದರಲ್ಲೂ ಒಂದು ತೊಡಕಿದೆ. ಹಿಂದೆ ಸರಿಯಲು ಹಿತ್ತಲು ಇರುವವರಿಗಷ್ಟೇ ಇದು ಉಪಯೋಗ. ಮೂರು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರು ಎಲ್ಲಿಗೆ ಸರಿಯಬೇಕು? ಅಂಥವರಿಗೆ ಒಳಭಾಗದಲ್ಲಿ ಸರ್ಕಾರವೇ ಜಾಗ ಗುರುತಿಸಿ ಇಡಬೇಕು. ಮನೆ ಬಿದ್ದ ಮೇಲಲ್ಲ, ತೀರದ ನಕ್ಷೆ ತಯಾರಿಸುವಾಗಲೇ.

ಇಂತಿ,
ಒಬ್ಬ ನಿವೃತ್ತ ನಕ್ಷೆಗಾರ